ಮಗುವಿನ ಬ್ಯಾಗು: 30 ಲೀಟರೋ, 6 ಲೀಟರೋ, ಟೈಲರ್ ಹೊಲಿದ 15 ಲೀಟರೋ?

ಮೊದಲೇ ಹೇಳಿಬಿಡುತ್ತೇನೆ, ಕೂಸನ್ನು ಎತ್ತಿಕೊಂಡು ಹೊರಗೆ ಹೊರಟಾಗ ಅದರ ಡೈಪರ್, ಬಟ್ಟೆ, ಹೊದಿಕೆ ಹೊರಲು ನನಗೆ ಸರಿಹೋದದ್ದು ಅರಸೀಕೆರೆಯಲ್ಲಿ ಅಮ್ಮನ ಮನೆ ಬೀದಿಯ ಟೈಲರ್ ಹೊಲಿದುಕೊಟ್ಟ ಕ್ಯಾನ್ವಾಸ್ ಚೀಲ. ಬಟ್ಟೆ, ಜಿಪ್ಪು, ಪಟ್ಟಿ, ಹೊಲಿಗೆ ಕೂಲಿ ಎಲ್ಲ ಸೇರಿ 480 ರೂಪಾಯಿ. ಅದಕ್ಕೂ ಮೊದಲು 2,300 ಕೊಟ್ಟು ಆನ್‌ಲೈನಿನಲ್ಲಿ ತರಿಸಿದ ದೊಡ್ಡ ಬ್ಯಾಗು ಈಗ ಸಜ್ಜದ ಮೇಲೆ ಹಳೇ ಸ್ವೆಟರ್ ತುಂಬಿಕೊಂಡು ಕೂತಿದೆ. ನಡುವೆ ನಾದಿನಿ ಕೊಟ್ಟ ಪುಟ್ಟ ಬ್ಯಾಗು ಒಂದು, ಅಮ್ಮನ ವೈರ್ ಬುಟ್ಟಿ ಒಂದು. ನಾಲ್ಕನ್ನೂ ಹೊತ್ತು ತಿರುಗಿದ್ದೇನೆ, ಅದೂ ಮಗಳಿಗೆ ಮೂರು ತಿಂಗಳು ತುಂಬುವುದರೊಳಗೆ.

ದೊಡ್ಡದನ್ನು ಕೊಂಡದ್ದು ನನಗೆ ಏಳು ತಿಂಗಳಾಗಿದ್ದಾಗ, ರಾತ್ರಿ ನಿದ್ದೆ ಬಾರದೆ ಮೊಬೈಲ್ ತಿರುವುತ್ತಾ. 30 ಲೀಟರ್ ಅಂತ ಬರೆದಿತ್ತು. ಲೀಟರ್ ಲೆಕ್ಕ ಆಗ ತಲೆಗೆ ಹೋಗಲೇ ಇಲ್ಲ. ಬೆಂಗಳೂರಿನ ಮನೆಗಳಿಗೆ ಬರುತ್ತದಲ್ಲ ಕುಡಿಯುವ ನೀರಿನ ಕ್ಯಾನ್, ಅದು 20 ಲೀಟರ್. ಅಂಥದ್ದು ಒಂದೂವರೆ ಕ್ಯಾನನ್ನು ಬೆನ್ನಿಗೆ ಕಟ್ಟಿಕೊಂಡ ಹಾಗೆ ಅಂತ ಯಾರಾದರೂ ಅಂದಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ನನ್ನ ಲೆಕ್ಕ ಬೇರೆ ಇತ್ತು: ದೊಡ್ಡದೇ ಇರಲಿ, ಬೇಕಾದರೆ ಕಮ್ಮಿ ತುಂಬಿದರಾಯಿತು.

ಕಮ್ಮಿ ತುಂಬುವುದು ಬಾಣಂತಿ ಇರುವ ಮನೆಯಲ್ಲಿ ನಡೆಯುವ ಮಾತಲ್ಲ. ಜಾಗ ಕಂಡರೆ ಸಾಕು, ಅಮ್ಮ ಇನ್ನೊಂದು ಹೊದಿಕೆ ತುರುಕುತ್ತಾಳೆ. ಅತ್ತೆ ಬಿಸಿನೀರಿನ ಫ್ಲಾಸ್ಕ್ ಇಡುತ್ತಾರೆ. ನಮ್ಮನೆಯವರು ತಮ್ಮ ಚಾರ್ಜರ್, ಕೊಡೆ, ಒಂದು ಬಿಸ್ಕತ್ ಪೊಟ್ಟಣ. ಮೊದಲ ಸಲ ಹೊರಟಾಗ ಅನುಮಾನ ಬಂದು ಅಪ್ಪನ ಕೊಕ್ಕೆ ತಕ್ಕಡಿಗೆ ನೇತುಹಾಕಿ ನೋಡಿದೆ. 6 ಕೆಜಿ 200 ಗ್ರಾಂ. ಅದರಲ್ಲಿ ಬರೀ ಬ್ಯಾಗಿನದ್ದೇ ಒಂದು ಕೆಜಿ ಮೇಲೆ. ಮಗಳು ಅವತ್ತು 4 ಕೆಜಿ 100. ನನಗೆ ಸಿಸೇರಿಯನ್ ಆಗಿತ್ತು, ಮಗುವಿಗಿಂತ ಭಾರದ್ದೇನೂ ಎತ್ತಬೇಡಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಇದೇನೇ ಇದು, ಕೂಸಿಗಿಂತ ಮೂಟೆನೇ ದೊಡ್ಡದಾಯ್ತಲ್ಲೇ" ಅಂದಳು. ಆ ಮೂಟೆಯಲ್ಲಿ ಎರಡು ಕೆಜಿ ಅವಳೇ ತುಂಬಿದ್ದು, ಅದಿರಲಿ.

ಭಾರವನ್ನಾದರೂ ಸಹಿಸಿಕೊಳ್ಳಬಹುದಿತ್ತು. ನನ್ನನ್ನು ಸೋಲಿಸಿದ್ದು ಬೇರೆ.

ಆರನೇ ವಾರದ ಲಸಿಕೆಯ ದಿನ. ಆರೋಗ್ಯ ಕೇಂದ್ರಕ್ಕೆ ಅಮ್ಮ, ನಾನು, ಮಗು ಆಟೋದಲ್ಲಿ ಹೊರಟೆವು. ಬೆನ್ನಿಗೆ ಈ ಬ್ಯಾಗು ಹಾಕಿಕೊಂಡು ಆಟೋದಲ್ಲಿ ಕೂತರೆ ಒರಗುವುದಕ್ಕೆ ಆಗುವುದಿಲ್ಲ, ಸೀಟಿನ ತುದಿಯಲ್ಲಿ ಕೂರಬೇಕು. ಹಂಪ್ ಬಂದಾಗಲೆಲ್ಲ ಬ್ಯಾಗು ಹಿಂದಿನಿಂದ ದೂಡುತ್ತದೆ, ಮಗುವನ್ನು ತಬ್ಬಿಕೊಂಡು ಕಾಲೂರಿ ತಡೆಯಬೇಕು, ಹೊಲಿಗೆ ಚುರುಕ್ ಅನ್ನುತ್ತದೆ. ಇದು ಹೋಗುವಾಗ. ಲಸಿಕೆ ಆಯಿತು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕಲ್ಲ, ಆ ಹೊತ್ತಿನಲ್ಲಿ ಜ್ವರದ ಡ್ರಾಪ್ಸ್ ತರಲು ಅಮ್ಮ ಮೆಡಿಕಲ್ ಅಂಗಡಿಗೆ ಹೋದಳು. ಬೆಂಚಿನ ಮೇಲೆ ನಾನು, ತೊಡೆಯ ಮೇಲೆ ಮಗು, ಬೆನ್ನ ಮೇಲೆ ಬ್ಯಾಗು. ಅತ್ತು ಅತ್ತು ಸುಸ್ತಾಗಿದ್ದವಳು ಆಗಲೇ ಡೈಪರ್ ತುಂಬಿಸಿದಳು. ಅದೂ ಬೆನ್ನಿನವರೆಗೆ.

ಆರು ವಾರದ ಕೂಸಿಗೆ ಕತ್ತು ನಿಂತಿರುವುದಿಲ್ಲ. ಒಂದು ಕೈ ಸದಾ ತಲೆಯ ಕೆಳಗೆ. ಉಳಿದದ್ದು ಒಂದೇ ಕೈ. ಬೆನ್ನಿನ ಬ್ಯಾಗು ಇಳಿಸಲು ಎಷ್ಟು ಕೈ ಬೇಕು ಅಂತ ಕೊಳ್ಳುವಾಗ ಯೋಚಿಸಿದ್ದೆನೇ? ಬಲಗಡೆಯ ಪಟ್ಟಿ ಹೇಗೋ ಜಾರಿಸಿದೆ. ಎಡಗಡೆಯದು ಮೊಣಕೈವರೆಗೆ ಬಂದು ನಿಂತುಕೊಂಡಿತು, ಯಾಕೆಂದರೆ ಆ ಮೊಣಕೈ ಮಡಚಿನಲ್ಲೇ ಮಗುವಿನ ತಲೆ. ಆರು ಕೆಜಿ ಒಂದೇ ತೋಳಿಗೆ ಜೋತುಬಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊನೆಗೆ ಪಕ್ಕದಲ್ಲಿ ಮೊಮ್ಮಗನನ್ನು ಕೂರಿಸಿಕೊಂಡಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಎತ್ತಿನ ನೊಗ ಬಿಚ್ಚುವ ಹಾಗೆ ಹಿಂದಿನಿಂದ ಎಳೆದು ಇಳಿಸಿದರು.

ಇಳಿಯಿತು ಅಂದುಕೊಂಡರೆ ಮುಂದಿನ ಕಥೆ. ಅದರ ಬಾಯಿ ಮೇಲುಗಡೆ, ಆಳ ಒಂದೂವರೆ ಅಡಿ ಹತ್ತಿರ. ಡೈಪರ್ ತಳದಲ್ಲಿ, ಅದರ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಕೊಡೆ. ಒಂದು ಡೈಪರಿಗೆ ಇಡೀ ಬ್ಯಾಗನ್ನು ಬೆಂಚಿನ ಮೇಲೆ ಸುರಿಯಬೇಕಾಯಿತು. ಹೊರಗೆ ಒಟ್ಟು ಹದಿನಾಲ್ಕು ಖಾನೆ. ವೈಪ್ಸ್ ಇಟ್ಟ ಖಾನೆ ಯಾವುದು ಅಂತ ಹುಡುಕುವಷ್ಟರಲ್ಲಿ ನನ್ನ ಸೀರೆಯ ನೆರಿಗೆಯೂ ಹೋಯಿತು. ಲಸಿಕೆ ಹಾಕಿಸುವಾಗ ಹೊರಗೆ ತೆಗೆದ ತಾಯಿ ಕಾರ್ಡನ್ನು ಆಮೇಲೆ ಯಾವ ಖಾನೆಗೆ ಹಾಕಿದೆನೋ, ಮನೆಗೆ ಬಂದು ಎರಡು ದಿನ ಹುಡುಕಿದ್ದೇವೆ.

ಮತ್ತೆ ಹಾಕಿಕೊಳ್ಳುವುದಕ್ಕೂ ಎರಡು ಕೈ ಬೇಕು. ಒಂದು ಸಲ ಹೊರಗೆ ಹೋದರೆ ಏರಿಸಿ ಇಳಿಸುವುದು ಕಮ್ಮಿ ಅಂದರೂ ನಾಲ್ಕು ಸಲ. ಮುಂದೆ ಹಾಕಿಕೊಳ್ಳಿ ಅಂತ ಒಬ್ಬರು ಸಲಹೆ ಕೊಟ್ಟರು. ಮುಂದೆ ಮಗು ಇದೆ ಸ್ವಾಮಿ. ಒಂದೇ ಹೆಗಲಿಗೆ ಹಾಕಿದರೆ ಪಟ್ಟಿ ಜಾರಿ ಮತ್ತದೇ ಮೊಣಕೈಗೆ.

ನಮ್ಮನೆಯವರಿಗೆ ಮಾತ್ರ ಈ ಬ್ಯಾಗು ಬಹಳ ಇಷ್ಟ. ಭಾರ ಎರಡೂ ಹೆಗಲಿಗೆ ಸಮನಾಗಿ ಬೀಳುತ್ತೆ, ಎಷ್ಟು ಆರಾಮ ಅನ್ನುತ್ತಾರೆ. ಆರಾಮವೇ. ಅವರು ಹೊತ್ತಾಗಲೆಲ್ಲ ಮಗು ನನ್ನ ಕೈಯಲ್ಲಿರುತ್ತದೆ. ಬೆನ್ನಿನ ಬ್ಯಾಗು ಮಗು ಎತ್ತಿಕೊಳ್ಳದೆ ಬರುವವರಿಗೆ ಹೇಳಿ ಮಾಡಿಸಿದ್ದು.

ಯುಎಸ್‌ಬಿ ಸಾಕೆಟ್ ಇತ್ತು, ಒಮ್ಮೆಯೂ ಮುಟ್ಟಲಿಲ್ಲ. ಬಾಟಲಿಗೆಂದೇ ಮೂರು ಖಾನೆ, ನಮ್ಮವಳು ಬಾಟಲಿ ಕಂಡವಳೇ ಅಲ್ಲ. ಸ್ಟ್ರಾಲರಿಗೆ ನೇತುಹಾಕುವ ಕೊಕ್ಕೆಯೂ ಇತ್ತು. ನಮ್ಮ ಬೀದಿಯ ಫುಟ್‌ಪಾತಿನಲ್ಲಿ ಸ್ಟ್ರಾಲರ್ ತಳ್ಳುವವರು ಯಾರೋ ನನಗೆ ಗೊತ್ತಿಲ್ಲ.

ಇನ್ನು ನಾದಿನಿ ಕೊಟ್ಟದ್ದು. ಅಡ್ಡಕ್ಕೆ ಹಾಕಿಕೊಳ್ಳುವ ತಿಳಿ ಗುಲಾಬಿ ಬಣ್ಣದ ಬ್ಯಾಗು, 6 ಲೀಟರ್ ಇರಬಹುದು. ನೋಡಲು ಮುದ್ದಾಗಿದೆ. ನಾಲ್ಕು ಡೈಪರ್, ಒಂದು ಜೊತೆ ಬಟ್ಟೆ, ಒಂದು ಕುಲಾವಿ, ಸಣ್ಣ ವೈಪ್ಸ್, ಕಾರ್ಡು, ನನ್ನ ಪರ್ಸು, ಅಷ್ಟಕ್ಕೆ ಬಾಯಿ ಮುಚ್ಚುತ್ತದೆ. ಒಂದು ಗಂಟೆಯ ಕೆಲಸಕ್ಕೆ ಸಾಕು, ಈಗಲೂ ಬಳಸುತ್ತೇನೆ. ಅದರ ತೊಂದರೆ ಬರುವಾಗ ಗೊತ್ತಾಗುತ್ತದೆ. ಹೋಗುವಾಗ ಇಸ್ತ್ರಿ ಮಡಿಕೆಯಲ್ಲಿ ಹಿಡಿಸಿದ್ದು ಬರುವಾಗ ಒದ್ದೆಯಾಗಿ, ಮುದ್ದೆಯಾಗಿ, ಎರಡರಷ್ಟು ಜಾಗ ಕೇಳುತ್ತದೆ. ಬಳಸಿದ ಡೈಪರನ್ನು ಕಂಡಲ್ಲಿ ಎಸೆಯುವಂತಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ ಮನೆಗೇ ತರಬೇಕು. ಬೆಂಗಳೂರಿನಲ್ಲಾದರೆ ಆ ಪೊಟ್ಟಣಕ್ಕೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಒಮ್ಮೆ ದೇವಸ್ಥಾನದಿಂದ ಬರುವಾಗ ಹೆಗಲಲ್ಲಿ ಗುಲಾಬಿ ಬ್ಯಾಗು, ಬೆರಳಿಗೆ ಸಿಕ್ಕಿಸಿಕೊಂಡ ವಾಂತಿ ಬಟ್ಟೆಯ ಕವರು, ಇನ್ನೊಂದು ಬೆರಳಲ್ಲಿ ಡೈಪರ್ ಪೊಟ್ಟಣ. ಪ್ರಸಾದವನ್ನು ಅಮ್ಮನ ಕೈಗೇ ಕೊಟ್ಟೆ.

ವೈರ್ ಬುಟ್ಟಿಯ ಬಗ್ಗೆ ಎರಡು ಮಾತು. ಅಮ್ಮನ ಕಾಲದಲ್ಲಿ ನಾವೆಲ್ಲ ಬೆಳೆದದ್ದು ಅದರಲ್ಲೇ. ನೆಟ್ಟಗೆ ನಿಲ್ಲುತ್ತದೆ, ಒಳಗಿರುವುದೆಲ್ಲ ಕಾಣುತ್ತದೆ, ಕೊಳೆಯಾದರೆ ನಲ್ಲಿ ಕೆಳಗೆ ಹಿಡಿದರಾಯಿತು. ಆದರೆ ಮುಚ್ಚಳವಿಲ್ಲ. ಆಟೋ ತಿರುವಿನಲ್ಲಿ ಎಣ್ಣೆ ಬಾಟಲು ಉರುಳಿ ಡ್ರೈವರನ ಕಾಲಬುಡಕ್ಕೆ ಹೋಯಿತು. "ಸಂತೆಗೆ ಹೊರಟ್ರಾ?" ಅಂತ ಎದುರು ಮನೆಯವರು ಕೇಳಿದ್ದು ಬೇರೆ.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ಹಾಸಿಗೆಯ ಮೇಲೆ ಎಲ್ಲ ಹರವಿಕೊಂಡು ಕೂತೆ. ನಿಜವಾಗಿ ಬೇಕಾದದ್ದೆಷ್ಟು? ಹುಟ್ಟಿದ ಮಗುವಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಬದಲಿಸಬೇಕಾಗುತ್ತದೆ, ಅಂದರೆ ಎರಡು ಮೂರು ಗಂಟೆಗೆ ಒಂದು. ನನ್ನ ಓಡಾಟ ಹೆಚ್ಚೆಂದರೆ ಅರ್ಧ ದಿನದ್ದು. ಗಂಟೆ ಲೆಕ್ಕ ಹಾಕಿ, ಮೇಲೆ ಎರಡು ಸೇರಿಸಿದರೆ ಐದಾರು ಡೈಪರ್. ಒತ್ತಿ ಜೋಡಿಸಿದರೆ ಎರಡು ಲೀಟರಿನ ಜಾಗ. ಎರಡು ಜೊತೆ ಜುಬ್ಲಾ, ಹಳೇ ಪಂಚೆ ಹರಿದು ಮಾಡಿದ ನಾಲ್ಕು ಬಟ್ಟೆ, ಕುಲಾವಿ ಸೇರಿ ಇನ್ನೆರಡು. ಜಾಗ ನುಂಗುವುದು ಹೊದಿಕೆ, ಮೂರೂವರೆ ಲೀಟರ್ ಅದೊಂದಕ್ಕೇ. ಸುತ್ತಿದ ರಬ್ಬರ್ ಶೀಟ್ ಒಂದು, ವೈಪ್ಸ್ ಒಂದು, ನನ್ನ ನೀರಿನ ಬಾಟಲು ಒಂದು, ಪರ್ಸು ಫೋನು ಕಾರ್ಡಿಗೆ ಇನ್ನೊಂದು. ಹನ್ನೊಂದೂವರೆ ಆಯಿತು. ಬರುವಾಗಿನ ಒದ್ದೆ ಬಟ್ಟೆಗೆಂದು ಮೂರು ಬಿಟ್ಟರೆ ಹದಿನಾಲ್ಕೂವರೆ. ಹದಿನೈದು ಅಂದುಕೊಂಡೆ.

ಟೈಲರಿಗೆ ಲೀಟರ್ ಹೇಳಿದರೆ ಆಗುವುದಿಲ್ಲವಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಬರುತ್ತದೆ. ಅದನ್ನು ತಿರುಗಾಮುರುಗಾ ಮಾಡಿ ಇಂಚಿಗೆ ತಂದೆ. 14 ಇಂಚು ಉದ್ದ, 10 ಇಂಚು ಎತ್ತರ, ಆರೂವರೆ ಇಂಚು ಅಗಲ. ಬಾಯಿ ಉದ್ದಕ್ಕೂ ತೆರೆಯಬೇಕು. ಒಳಗೆ ಎರಡೇ ಖಾನೆ, ಅದರಲ್ಲೊಂದಕ್ಕೆ ಛತ್ರಿ ಬಟ್ಟೆಯ ಒಳಪದರ, ಒದ್ದೆಯದ್ದಕ್ಕೆ. ಪಟ್ಟಿ ಎರಡು ಇಂಚು ಅಗಲ, ಎದೆಗೆ ಅಡ್ಡಲಾಗಿ ಹಾಕಿಕೊಂಡರೆ ಬ್ಯಾಗು ಸೊಂಟದ ಹತ್ತಿರ ಬರುವಷ್ಟು ಉದ್ದ. ತಿಳಿ ನೀಲಿ ಬಣ್ಣ ಕೇಳಿದೆ. "ಕೊಳೆ ಕಾಣಲ್ಲ, ಇದನ್ನೇ ತಗೊಳ್ಳಮ್ಮ" ಅಂತ ಕಾಫಿಪುಡಿ ಬಣ್ಣದ್ದು ಹೊಲಿದರು. ಅವರೇ ಸರಿ.

ಅದರ ಗುಣ ಹೇಳಲು ಉದ್ದದ ಮಾತು ಬೇಡ. ಮಗುವನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಲ್ಲಿ ಜಿಪ್ಪು ಎಳೆಯಬಹುದು. ಆಳ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಕೈ ಹಾಕಿದರೆ ತಳ ಸಿಗುತ್ತದೆ. ಬ್ಯಾಗನ್ನು ಮೈಮೇಲಿಂದ ಇಳಿಸುವ ಕೆಲಸವೇ ಇಲ್ಲ. ತುಂಬಿದರೆ ಮೂರು ಕೆಜಿ ಚಿಲ್ಲರೆ, ನೀರಿನ ಬಾಟಲು ಸೇರಿ. ಅಮ್ಮ ಎರಡನೇ ಹೊದಿಕೆ ತಂದರೆ ಜಾಗ ಇಲ್ಲ ಅಂತ ತೆರೆದು ತೋರಿಸಬಹುದು. ಜಗಳವೇ ಹುಟ್ಟುವುದಿಲ್ಲ.

ದೋಷ ಇಲ್ಲದೇ ಇಲ್ಲ. ತಳಕ್ಕೆ ಹಾಕಿದ್ದ ರಟ್ಟು ಮೊದಲ ಒಗೆತಕ್ಕೇ ಸತ್ತಿತು, ಹಳೇ ಪ್ಲಾಸ್ಟಿಕ್ ಫೈಲ್ ಕತ್ತರಿಸಿ ಹಾಕಿದೆವು. ಮಳೆಯಲ್ಲಿ ನೆನೆದರೆ ಕ್ಯಾನ್ವಾಸ್ ಒಣಗಲು ಎರಡು ದಿನ ಬೇಕು. ಎರಡು ಗಂಟೆ ಮೇಲೆ ಒಂದೇ ಹೆಗಲು ನೋಯುತ್ತದೆ, ಆಗ ಬದಲಿಸಬೇಕು. ಫ್ಲಾಸ್ಕ್ ನೆಟ್ಟಗೆ ನಿಲ್ಲುವುದಿಲ್ಲ.

ಮೂರು ತಿಂಗಳು ತುಂಬಿ ಬೆಂಗಳೂರಿಗೆ ರೈಲಿನಲ್ಲಿ ಹೊರಟಾಗ ಎರಡೂ ಬ್ಯಾಗು ಜೊತೆಗಿದ್ದವು. ದೊಡ್ಡದರಲ್ಲಿ ಬಟ್ಟೆಬರೆ, ಕೊಬ್ಬರಿ, ಅಮ್ಮ ಮಾಡಿದ ಅಂಟಿನುಂಡೆ ಡಬ್ಬಿ, ಅದು ಸೀದಾ ಮೇಲಿನ ಲಗೇಜ್ ಕಂಬಿಗೆ ಹೋಯಿತು. ಆ ಕೆಲಸಕ್ಕೆ ಅದು ಒಳ್ಳೆಯದೇ. ಟೈಲರ್ ಚೀಲ ನನ್ನ ಸೊಂಟದ ಪಕ್ಕ ಕಿಟಕಿ ಕಡೆ. ತಿಪಟೂರಿನ ಹತ್ತಿರ ಒಂದು ಸಲ, ತುಮಕೂರು ಬರುವ ಮುಂಚೆ ಒಂದು ಸಲ ಡೈಪರ್ ಬದಲಿಸಿದೆ, ಸೀಟಿನಿಂದ ಏಳದೆ, ನಮ್ಮನೆಯವರನ್ನು ನಿದ್ದೆಯಿಂದ ಎಬ್ಬಿಸದೆ.

ಹಾಗಂತ ಎಲ್ಲರಿಗೂ 15 ಲೀಟರೇ ಅನ್ನಲಾರೆ. ನಾನು ಆಟೋ, ಬಸ್ಸು, ರೈಲಿನವಳು, ಎದೆಹಾಲು ಕುಡಿಸುವವಳು, ಒಂದೇ ಮಗು. ಡಬ್ಬಿ ಹಾಲಿನ ಮಗುವಾದರೆ ಬಾಟಲಿ, ಪುಡಿ, ಬಿಸಿನೀರು ಸೇರಿ ನಾಲ್ಕೈದು ಲೀಟರ್ ಹೆಚ್ಚಿಗೆ ಬೇಕು. ಕಾರಿದ್ದವರಿಗೆ ಬ್ಯಾಗು ಎಷ್ಟು ದೊಡ್ಡದಾದರೇನು, ಡಿಕ್ಕಿಯಲ್ಲಿ ಇರುತ್ತದೆ. ಅವಳಿ ಮಕ್ಕಳಾದರೆ 30 ಲೀಟರನ್ನೇ ಕೊಳ್ಳಿ, ಆದರೆ ಮಗು ಎತ್ತಿಕೊಳ್ಳದೆ ಬರುವ ಒಬ್ಬರನ್ನು ಅದಕ್ಕೆಂದೇ ಜೊತೆಗೆ ಇಟ್ಟುಕೊಳ್ಳಿ. ಕೊಳ್ಳುವ ಮುಂಚೆ ಅಂಗಡಿಯಲ್ಲೋ ಮನೆಯಲ್ಲೋ ಒಂದು ದಿಂಬನ್ನು ಎಡಗೈಯಲ್ಲಿ ಮಗುವಿನ ಹಾಗೆ ಹಿಡಿದು, ಬ್ಯಾಗಿನ ತಳದಿಂದ ಒಂದು ಕರ್ಚೀಫು ತೆಗೆದು ನೋಡಿ. ದಿಂಬು ಬಿದ್ದರೆ ಆ ಬ್ಯಾಗು ಬೇಡ.

ಅಂದ ಹಾಗೆ, ಹತ್ತನೇ ವಾರದ ಲಸಿಕೆಗೆ ಹೊಸ ಚೀಲ ಹಾಕಿಕೊಂಡು ಹೋಗಿದ್ದಾಗ ಅದೇ ಅಜ್ಜಿ ಅದೇ ಬೆಂಚಿನ ಮೇಲೆ ಸಿಕ್ಕಿದರು. ಚೀಲವನ್ನು ಮೇಲೆ ಕೆಳಗೆ ನೋಡಿ, ಜಿಪ್ಪು ಎಳೆದು ನೋಡಿ, "ಎಷ್ಟು ಕೊಟ್ಟೆ ಮಗಾ?" ಅಂತ ಕೇಳಿದರು. ಹೇಳಿದೆ. ಹೆಚ್ಚಾಯಿತು ಅಂದರು.