ಉಮಂಗ್ ಆ್ಯಪ್‌ನ ಪಿಎಫ್ ಪಾಸ್‌ಬುಕ್: ಗಾರ್ಮೆಂಟ್ಸ್ ಕೆಲಸಗಾರರ ಕೈಲಿರಬೇಕಾದ ಸೇವೆ

ಪೀಣ್ಯದಲ್ಲಿ ವಿದೇಶಿ ಬ್ರ್ಯಾಂಡ್‌ಗಳಿಗೆ ಬಟ್ಟೆ ಹೊಲಿಯುವವರ ಮೂಲವೇತನ, ತುಟ್ಟಿಭತ್ಯೆಯಲ್ಲಿ ಶೇ 12 ಪಿಎಫ್‌ಗೆ ಕಡಿತವಾಗುತ್ತದೆ. ಅದು ನಿಜಕ್ಕೂ ಜಮೆಯಾಯಿತೇ ಎಂದು ನೋಡಲು ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನ ಈ ಸೇವೆ ಬಹಳ ಉಪಯುಕ್ತ. 12 ಅಂಕಿಯ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಹಾಕಿ, ಒಟಿಪಿ ಕೊಟ್ಟರೆ ಪಾಸ್‌ಬುಕ್ ತೆರೆಯುತ್ತದೆ. ಕಂಪನಿ ಮುಂದಿನ ತಿಂಗಳ 15ರೊಳಗೆ ಹಣ ಕಟ್ಟಬೇಕು. ಪಾಸ್‌ಬುಕ್‌ನಲ್ಲಿ ಕಾಣುವುದು ಸ್ವಲ್ಪ ತಡ. ತಿಂಗಳುಗಟ್ಟಲೆ ಖಾಲಿಯಿದ್ದರೆ ಮಾತ್ರ ಸುಮ್ಮನಿರಬೇಡಿ, ಪೇ ಸ್ಲಿಪ್ ಲಗತ್ತಿಸಿ ಪಿಎಫ್ ಇಲಾಖೆಗೆ ಆನ್‌ಲೈನ್ ದೂರು ಕೊಡಿ.

ಮಾಲೀಕರು ಕಟ್ಟುವ ಪಾಲಿನಲ್ಲಿ ವೇತನದ ಶೇ 8.33ರಷ್ಟು ಪಿಂಚಣಿಗೆ ಹೋಗುತ್ತದೆ. ಹಾಗಾಗಿ ಅವರ ಕಾಲಂನಲ್ಲಿ ಮೊತ್ತ ಕಡಿಮೆ ಕಾಣುವುದು ಮೋಸವಲ್ಲ.

ದೊಡ್ಡ ತೊಡಕು ಹೆಸರಿನದು: ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಪಿಎಫ್‌ನಲ್ಲಿ ‘ಲಕ್ಷ್ಮಿ’ ಇದ್ದರೆ ಕ್ಲೈಮ್ (ಪಿಎಫ್ ಹಣ ಪಡೆಯುವ ಅರ್ಜಿ) ನಿಲ್ಲುತ್ತದೆ. ಕೆಲಸದಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.