ಲ್ಯಾಮಿಂಗ್ಟನ್ ರೋಡಿನಲ್ಲಿ ‘ಒರಿಜಿನಲ್ ಸನ್ ಕಾರ್ಡ್’ ಅಂದ್ರೆ ನಂಬಬೇಡಿ, ನಾನು 6,200 ರೂಪಾಯಿ ಕಳಕೊಂಡೆ

ಮುಂಬೈ, ಠಾಣೆ, ಪುಣೆ ಕಡೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಹಳೇ ಕಂಪ್ಯೂಟರ್ ಇಟ್ಟುಕೊಂಡಿರೋ ಕನ್ನಡದವರು ದಯವಿಟ್ಟು ಓದಿ. ಲ್ಯಾಮಿಂಗ್ಟನ್ ರೋಡಿನ ಒಂದು ಒಳಗಲ್ಲಿಯಲ್ಲಿ ‘ಸನ್ ಎಕ್ಸ್‌ವಿಆರ್-100’ ಡಿಸ್‌ಪ್ಲೇ ಕಾರ್ಡ್ ಅಂತ ಹೇಳಿ ನನ್ನ ಕೈಗೆ ಸಾದಾ ಪಿಸಿ ಕಾರ್ಡ್ ಇಟ್ಟು 6,200 ರೂಪಾಯಿ ತಗೊಂಡಿದ್ದಾರೆ. ಅದೇ ಕಾರ್ಡನ್ನ ಪಿಸಿ ಕಾರ್ಡ್ ಅಂತಲೇ ಕೇಳಿದ್ರೆ ಅದೇ ರಸ್ತೆಯಲ್ಲಿ 400 ರೂಪಾಯಿಗೆ ಸಿಗುತ್ತೆ. ಕೊಟ್ಟವರು ಕನ್ನಡದವರೇ. ಹೊಟ್ಟೆ ಉರೀತಿರೋದು ಅದಕ್ಕೇ. ಅಂಗಡಿ ಹೆಸರು ಹಾಕಲ್ಲ, ಕೋರ್ಟು ಕಚೇರಿ ಅಲೆಯೋ ತಾಕತ್ತು ನನಗಿಲ್ಲ.

ವಿಷಯ ಏನಂದ್ರೆ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಬೆಳಗಾವಿ ಕಡೆಯವರದ್ದೊಂದು ಸಣ್ಣ ಕಾರ್ಖಾನೆ. ಅಲ್ಲಿನ ಟೆಸ್ಟಿಂಗ್ ಮೆಷಿನ್ ಇವತ್ತಿಗೂ ನಡೆಯೋದು ಒಂದು ಸನ್ ಬ್ಲೇಡ್ 150 ಮೇಲೆ. 2002ರ ಮಾಡೆಲ್, 650 ಮೆಗಾಹರ್ಟ್ಸ್ ಅಲ್ಟ್ರಾಸ್ಪಾರ್ಕ್ ಪ್ರೊಸೆಸರ್, ಒಳಗೆ ವಿಂಡೋಸ್ ಬದಲು ಸನ್‌ನವರದ್ದೇ ಸೋಲಾರಿಸ್ 10. ಬದಲಾಯಿಸ್ರಿ ಅಂತ ನೂರು ಸಲ ಹೇಳಿದ್ದೀನಿ. ಆದ್ರೆ ಆ ಟೆಸ್ಟಿಂಗ್ ಪ್ರೋಗ್ರಾಂ ಲೈಸೆನ್ಸು ಆ ಮೆಷಿನ್ನಿನ ಗುರುತಿನ ಸಂಖ್ಯೆ ಹೋಸ್ಟ್‌ಐಡಿಗೆ ಕಟ್ಟಿಹಾಕಿದ್ದು, ಬರೆದುಕೊಟ್ಟ ಕಂಪನಿಯವರು ಫೋನೇ ಎತ್ತಲ್ಲ. ಹಾಗಾಗಿ ಏನು ಕೆಟ್ಟರೂ ಅದನ್ನೇ ತಟ್ಟಿ ತಟ್ಟಿ ನಡೆಸಬೇಕು. ಆ ತಟ್ಟೋ ಕೆಲಸ ನಂದು.

ಮೂರು ವಾರದ ಹಿಂದೆ ನಾನು ಅಲ್ಲಿ ಹೀರೋ ಆಗಿದ್ದೆ. ಬೋರ್ಡ್ ಮೇಲಿರೋದು ಹಳೇ ಯುಎಸ್‌ಬಿ 1.1, ಪೆನ್‌ಡ್ರೈವ್‌ಗೆ ರಿಪೋರ್ಟ್ ಕಾಪಿ ಮಾಡೋಕೆ ಕೂತ್ರೆ ಚಹಾ ಕುಡಿದು, ಊಟ ಮಾಡಿ ಬರಬಹುದಿತ್ತು. ನಾನು ಭಂಗಾರ್‌ನಿಂದ, ಅಂದ್ರೆ ಗುಜರಿಯಿಂದ, 250 ರೂಪಾಯಿಗೆ ಎನ್‌ಇಸಿ ಚಿಪ್ಪಿನ ಯುಎಸ್‌ಬಿ 2.0 ಪಿಸಿಐ ಕಾರ್ಡ್ ತಂದು ಹಾಕಿದೆ. ಸೋಲಾರಿಸ್ ಎದ್ದ ಕೂಡಲೇ ತಾನೇ ಗುರುತು ಹಿಡೀತು. ಮಾಲಕರು ಬೆನ್ನು ತಟ್ಟಿ ‘ನಮ್ಮ ಸಾಹೇಬ್ರಂದ್ರ ಹಿಂಗ ನೋಡ್ರಿ’ ಅಂದ್ರು. ಆ ಮಾತು ತಲೆಗೇರಿತ್ತು ಅಂತ ಈಗ ಅನ್ನಿಸುತ್ತೆ.

ಆಮೇಲೆ ಬೋರ್ಡ್ ಮೇಲಿನ ಎಟಿಐ ರೇಜ್ ಎಕ್ಸ್‌ಎಲ್ ಡಿಸ್‌ಪ್ಲೇ ಕೈಕೊಡ್ತು. ಮೊದಲು ಗುಲಾಬಿ ಗೆರೆ, ಎರಡು ದಿನದಲ್ಲಿ ಪೂರ್ತಿ ಕತ್ತಲೆ. ‘ಚಿಂತಿ ಮಾಡಬ್ಯಾಡ್ರಿ, ಎರಡು ದಿನದಾಗ ಕಾರ್ಡ್ ತರ್ತೀನಿ’ ಅಂತ ನಾನೇ ಬಾಯಿಬಿಟ್ಟು ಹೇಳಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಎಕ್ಸ್‌ವಿಆರ್-100 ಅಂದ್ರೆ ಒಳಗೆ ಎಟಿಐ ರೇಡಿಯಾನ್ 7000, 64 ಎಂಬಿ. ಚಿಪ್ ಪಿಸಿ ಕಾರ್ಡಿನದ್ದೇ. ವ್ಯತ್ಯಾಸ ಇರೋದು ಫರ್ಮ್‌ವೇರ್‌ನಲ್ಲಿ, ಅಂದ್ರೆ ಕಾರ್ಡಿನೊಳಗೇ ಬರೆದಿಟ್ಟ ಸಣ್ಣ ಪ್ರೋಗ್ರಾಂನಲ್ಲಿ. ಪಿಸಿ ಕಾರ್ಡ್‌ನಲ್ಲಿ ಇಂಟೆಲ್ ಪ್ರೊಸೆಸರ್‌ಗೆ ಬರೆದ ಬಯಾಸ್ ಇರುತ್ತೆ. ಸನ್ ಕಾರ್ಡ್‌ನಲ್ಲಿ ಎಫ್‌ಕೋಡ್ ಇರುತ್ತೆ, ಫೋರ್ತ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಿಂದ ಬಂದದ್ದು, 1994ರ ಐಇಇಇ 1275 ಅಂತ ಸ್ಟ್ಯಾಂಡರ್ಡೇ ಇದೆ. ಸೋಲಾರಿಸ್ ಏಳೋದಕ್ಕೂ ಮುಂಚೆ ಸನ್ ಮೆಷಿನ್ ಎಬ್ಬಿಸೋ ಪ್ರೋಗ್ರಾಂ ಓಪನ್‌ಬೂಟ್ ಆ ಎಫ್‌ಕೋಡ್ ಓದಿಯೇ ಸ್ಕ್ರೀನ್ ಎಬ್ಬಿಸೋದು. ಎಫ್‌ಕೋಡ್ ಇಲ್ಲ ಅಂದ್ರೆ ಸ್ಕ್ರೀನ್ ಮೇಲೆ ಓಪನ್‌ಬೂಟ್ ಆಜ್ಞೆ ಕೇಳೋ ‘ಓಕೆ’ ಪ್ರಾಂಪ್ಟ್ ಇಲ್ಲ, ಏನೂ ಇಲ್ಲ, ಕತ್ತಲೆ. ಯುಎಸ್‌ಬಿ ಕಾರ್ಡ್‌ಗೆ ಈ ತಲೆನೋವಿಲ್ಲ, ಸೋಲಾರಿಸ್ ಬಂದಮೇಲೆ ಡ್ರೈವರ್ ನೋಡಿಕೊಳ್ಳುತ್ತೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಮೋಸ ಹೋದೆ, ಅದೇ ನಾಚಿಕೆ.

ಶನಿವಾರ ಜಡಿಮಳೆ. ಡೊಂಬಿವಲಿಯಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್. ನಾಲ್ಕು ಅಂಗಡಿ ಕೇಳಿದೆ, ಸನ್ ಅಂದ್ರೆ ಟಾಟಾ ಸ್ಕೈ ಥರದ್ದಾ ಅಂತ ಕೇಳಿದವನೂ ಇದ್ದ. ಐದನೇ ಅಂಗಡಿಯಲ್ಲಿ ನಾನು ಫೋನಲ್ಲಿ ಹೆಂಡತಿ ಜೊತೆ ಮಾತಾಡೋದು ಕೇಳಿಸಿಕೊಂಡು ಅವರೇ ಶುರು ಮಾಡಿದ್ರು.

‘ಕನ್ನಡವಾ ಸರ್? ಊರು ಎಲ್ಲಿ ನಿಮ್ಮದು?’

ಹುಬ್ಬಳ್ಳಿ ಅಂದೆ. ಅವರು ಉಡುಪಿ ಕಡೆಯವರಂತೆ. ಕುರ್ಚಿ ಬಂತು, ಕಟಿಂಗ್ ಚಾಯ್ ಬಂತು. ಬ್ಲೇಡ್ 150ಗೆ ಎಕ್ಸ್‌ವಿಆರ್-100 ಬೇಕು ಅಂದ್ರೆ ಹೆಸರು ಹೇಳಿದ ತಕ್ಷಣ ಅರ್ಥ ಆಯ್ತು ಅವರಿಗೆ. ಹತ್ತು ವರ್ಷದಲ್ಲಿ ಈ ರಸ್ತೆಯಲ್ಲಿ ಆ ಹೆಸರು ಅರ್ಥ ಆದವರು ಇವರೊಬ್ಬರೇ! ನಾನು ಅಲ್ಲೇ ಅರ್ಧ ಸೋತೆ. ‘ಒಂದೇ ಪೀಸ್ ಉಂಟು ಸರ್. ಬೇರೆಯವರಿಗಾದ್ರೆ ಎಂಟೂವರೆ. ನೀವು ನಮ್ಮವರು, ಏಳೂವರೆ ಕೊಡಿ.’ ಚೌಕಾಸಿ ಮಾಡಿ 6,200ಕ್ಕೆ ಇಳಿಸಿ ನಾನೇ ಗೆದ್ದೆ ಅಂದುಕೊಂಡೆ.

ಕಾರ್ಡ್ ಮೇಲೆ ಬಿಳಿ ಸ್ಟಿಕ್ಕರ್, ಅದರಲ್ಲಿ ಸನ್ ಪಾರ್ಟ್ ನಂಬರ್ 375-3126, ಕೆಳಗೆ ಬಾರ್‌ಕೋಡು, ಸೀರಿಯಲ್ ನಂಬರ್. ನನ್ನ ಹೆಬ್ಬೆರಳು ಮಳೆಗೆ ಒದ್ದೆ ಇತ್ತು, ಕೊನೇ 6ರ ಬಾಲ ಸ್ವಲ್ಪ ನೀಲಿಯಾಗಿ ಹರಡಿತು. ಕೈ ಕೊಳೆ ಇರಬೇಕು ಅಂತ ಪ್ಯಾಂಟಿಗೆ ಒರೆಸಿಕೊಂಡೆ. ಕೈ ಒರೆಸಿಕೊಂಡೆ ನೋಡಿ! ಕಾರ್ಡಿನ ಲೋಹದ ಪಟ್ಟಿಯಲ್ಲಿ ವಿಜಿಎ, ಡಿವಿಐ ಜೊತೆಗೆ ಮೂರನೇದೊಂದು ದುಂಡನೆ ತೂತು, ಟಿವಿಗೆ ಕೊಡೋ ಎಸ್-ವಿಡಿಯೋ. ಇದೇನ್ರೀ, ಸನ್ ಕಾರ್ಡ್‌ನಲ್ಲಿ ಇದಿರಲ್ಲ ಅಲ್ವಾ ಅಂತ ಕೇಳಿದ್ದೂ ಹೌದು. ‘ಅದು ಲೇಟರ್ ಮಾಡೆಲ್ ಸರ್’ ಅಂದ್ರು. ಸರಿ ಅಂದೆ.

ಈಗ ಮುಖ್ಯ ವಿಷಯ. ಟೆಸ್ಟ್ ಮಾಡಿ ಕೊಡ್ರಿ ಅಂದೆ. ಅವರು ‘ಧಾರಾಳ’ ಅಂತ ಮೇಜಿನ ಮೇಲಿದ್ದ ಬಿಚ್ಚಿಟ್ಟ ಪಿಸಿ ಬೋರ್ಡಿಗೆ ಕಾರ್ಡ್ ಸಿಕ್ಕಿಸಿ ಆನ್ ಮಾಡಿದ್ರು. ಟಕ್ ಅಂತ ಬಯಾಸ್ ಸ್ಕ್ರೀನ್ ಬಂತು, ಮೆಮೊರಿ ಎಣಿಸಿತು, ವಿಂಡೋಸ್ ಬಂತು. ಬಣ್ಣ ಸ್ವಚ್ಛ, ಗೆರೆ ಇಲ್ಲ. ‘ನೋಡಿ, ಫುಲ್ ವರ್ಕಿಂಗ್’ ಅಂದ್ರು. ನಾನು ಖುಷಿಯಾಗಿ ತಲೆ ಆಡಿಸಿದೆ. ಯುಪಿಐ ಮಾಡಿದೆ. ಥ್ಯಾಂಕ್ಸ್ ಬೇರೆ ಹೇಳಿದೆ.

ಅಲ್ರೀ, ಎಫ್‌ಕೋಡ್ ಇರೋ ಸನ್ ಕಾರ್ಡು ಪಿಸಿ ಆನ್ ಮಾಡಿದ ತಕ್ಷಣ ಬಯಾಸ್ ಸ್ಕ್ರೀನ್ ಹೇಗೆ ತೋರಿಸುತ್ತೆ? ಪಿಸಿಗೆ ಆ ಎಫ್‌ಕೋಡ್ ಓದೋಕೇ ಬರಲ್ಲ. ಅಲ್ಲಿ ಸ್ಕ್ರೀನ್ ಬಂತು ಅಂದ್ರೇನೇ ಅದು ಪಿಸಿ ಕಾರ್ಡು. ಟೆಸ್ಟ್‌ನಲ್ಲಿ ಪಾಸ್ ಆಗಿದ್ದೇ ಅದು ಡುಪ್ಲಿಕೇಟ್ ಅನ್ನೋದಕ್ಕೆ ಪುರಾವೆ, ಮತ್ತು ಆ ಪುರಾವೆ ನೋಡಿಯೇ ನಾನು ದುಡ್ಡು ಕೊಟ್ಟದ್ದು! ಇದು ನನಗೆ ಹೊಳೆದದ್ದು ಮಾರನೇ ದಿನ, ಕಾರ್ಖಾನೆಯಲ್ಲಿ, ಮಾಲಕರು ಪಕ್ಕದಲ್ಲಿ ನಿಂತಿದ್ದಾಗ.

ಕಾರ್ಡ್ ಹಾಕಿ ಆನ್ ಮಾಡಿದೆ. ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ಸ್ಲಾಟ್ ಬದಲಿಸಿದೆ. ಕಪ್ಪು. ಮೂರೂ ಸ್ಲಾಟ್ ಮುಗೀತು. ‘ಏನ್ರೀ ಸಾಹೇಬ್ರ, ಬಂತೇನ್ರಿ?’ ಅಂತ ಮಾಲಕರು. ಬರ್ತದ್ರಿ, ಒಂದು ನಿಮಿಷ ಅಂದೆ. ಕೀಬೋರ್ಡ್ ಕಿತ್ತು, ಲ್ಯಾಪ್‌ಟಾಪ್‌ನಿಂದ ಸೀರಿಯಲ್ ಕೇಬಲ್ ಹಾಕಿ 9600 ಸ್ಪೀಡಿನಲ್ಲಿ ಕೂತೆ. ಲ್ಯಾಪ್‌ಟಾಪ್ ಮೇಲೆ ಓಕೆ ಪ್ರಾಂಪ್ಟ್ ಬಂತು. ಒಳಗಿರೋ ಕಾರ್ಡುಗಳ ಪಟ್ಟಿ ತೋರಿಸೋ ಶೋ-ಡೆವ್ಸ್ ಆಜ್ಞೆ ಹೊಡೆದೆ. ಸರಿಯಾದ ಕಾರ್ಡ್ ಆಗಿದ್ರೆ ಆ ಪಟ್ಟಿಯಲ್ಲಿ ಎಕ್ಸ್‌ವಿಆರ್-100 ಅಂತ ಹೆಸರೇ ಕಾಣಬೇಕು, ಆ ಹೆಸರು ಕೊಡೋದೂ ಎಫ್‌ಕೋಡೇ. ಇಲ್ಲಿ ಪಿಸಿಐ ಅಂತ ಶುರುವಾಗಿ ಬರೀ ಅಂಕಿ. ಒಳಗೆ ಹೋಗಿ ಪ್ರಾಪರ್ಟಿ ನೋಡಿದೆ, ವೆಂಡರ್ 1002, ಡಿವೈಸ್ 5159. ಎಟಿಐ, ರೇಡಿಯಾನ್ 7000. ತಂದೆ ತಾಯಿ ಗೊತ್ತು, ನಾಮಕರಣ ಆಗಿಲ್ಲ.

ಆಗ ಸ್ಟಿಕ್ಕರ್ ಮೂಲೆಗೆ ಉಗುರು ಹಾಕಿದೆ. ಸಲೀಸಾಗಿ ಎದ್ದು ಬಂತು. ಕೆಳಗೆ ಇನ್ನೊಂದು ಸ್ಟಿಕ್ಕರ್, ಹಳದಿಯಾಗಿರೋದು, ಯಾವುದೋ ಪಿಸಿ ಕಾರ್ಡ್ ಕಂಪನಿಯದ್ದು, ಅದರಲ್ಲಿ 32 ಎಂಬಿ ಅಂತ ಸ್ಪಷ್ಟವಾಗಿ ಬರೆದಿದೆ. 64 ಕೂಡ ಅಲ್ಲ ಮಾರಾಯ್ರೆ, 32! ಮೋಸ ಮಾಡೋರು ಅದರಲ್ಲೂ ಅರ್ಧ ಉಳಿಸಿಕೊಂಡಿದ್ದಾರೆ.

ಮಾಲಕರು ಏನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು.

ಇನ್ನು ಅಂಗಡಿಯವರ ಉತ್ತರಗಳು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಸಮೇತ ಹಾಕಿದೆ. ಮೊದಲ ಉತ್ತರ, ‘ಸರಿ ಕೂತಿಲ್ಲ ಇರಬೇಕು ಸರ್, ಪಿನ್ನಿಗೆ ರಬ್ಬರ್ ಉಜ್ಜಿ ಹಾಕಿ.’ ಉಪಯೋಗ ಇಲ್ಲ ಅಂತ ಗೊತ್ತಿದ್ರೂ ಉಜ್ಜಿದೆ, ಮಗಳ ಕಂಪಾಸ್ ಬಾಕ್ಸಿನ ರಬ್ಬರ್ ತಗೊಂಡು. ಆಮೇಲೆ ಎರಡು ಸ್ಟಿಕ್ಕರ್ ಫೋಟೋ ಕಳಿಸಿದೆ. ಆಗ ಬಂದದ್ದು, ‘ಚಿಪ್ ಒಂದೇ ಅಲ್ವಾ ಸರ್. ಸನ್‌ನವರು ಎಂತ ಚಿಪ್ ಮಾಡ್ತಾರಾ? ಅವರೂ ಎಟಿಐದೇ ಹಾಕೂದು.’ ಇದು ಸುಳ್ಳಲ್ಲ, ಅದೇ ಸಿಟ್ಟು. ಅರ್ಧ ನಿಜ ಗೊತ್ತಿರೋರ ಜೊತೆ ಜಗಳ ಆಡೋದು ಬಹಳ ಕಷ್ಟ.

ಮುಂದಿನದ್ದು ಇನ್ನೂ ಚೆನ್ನಾಗಿದೆ. ‘ನಾನು ಡೆಕ್ ಆಲ್ಫಾ ಮೆಷಿನ್ನಿಗೆ ಇದೇ ಥರದ್ದು ಹಾಕಿ ಕೊಟ್ಟಿದ್ದೇನೆ, ನಡೀತಾ ಉಂಟು.’ ನಡೆಯುತ್ತೆ, ಯಾಕಂದ್ರೆ ಡೆಕ್ ಕಂಪನಿಯ ಆ ಹಳೇ ಕಂಪ್ಯೂಟರ್ ಆಲ್ಫಾದ ಫರ್ಮ್‌ವೇರ್ ಒಳಗೇ ಇಂಟೆಲ್ ಕೋಡ್ ಓಡಿಸೋ ಎಮ್ಯುಲೇಟರ್ ಇಟ್ಟಿದ್ರು, ಪಿಸಿ ಕಾರ್ಡಿನ ಬಯಾಸ್ ಅದರಲ್ಲಿ ಓಡುತ್ತೆ. ಸನ್ ಹಾಗೆ ಮಾಡಲಿಲ್ಲ. ಇದನ್ನ ಉದ್ದಕ್ಕೆ ಬರೆದು ಕಳಿಸಿದೆ. ಉತ್ತರ: ‘ಓಹೋ. ಹಾಗಾದ್ರೆ ಫ್ಲ್ಯಾಶ್ ಮಾಡ್ಕೊಳ್ಳಿ.’ ಫ್ಲ್ಯಾಶ್ ಮಾಡೋ, ಅಂದ್ರೆ ಕಾರ್ಡಿನ ಫರ್ಮ್‌ವೇರ್ ನಾನೇ ಬದಲಿಸೋ ಉಸಾಬರಿ ಬೇಕಿದ್ರೆ ನಾನು 400ರ ಕಾರ್ಡೇ ತಗೋತಿದ್ದೆನಲ್ಲ! ದುಡ್ಡು ವಾಪಸ್ ಕೊಡಿ ಅಂದೆ. ಕೊನೇ ಉತ್ತರ ಇದು: ‘ಸ್ಟಿಕ್ಕರ್ ಎಬ್ಬಿಸಿದ್ದೀರಿ ಸರ್. ಸ್ಟಿಕ್ಕರ್ ಎಬ್ಬಿಸಿದ್ರೆ ವಾರಂಟಿ ಇಲ್ಲ.’ ಅವರೇ ಅಂಟಿಸಿದ ಸ್ಟಿಕ್ಕರು!

ಮುಂದಿನ ಶನಿವಾರ ಖುದ್ದು ಹೋದೆ. ಅಂಗಡಿಯಲ್ಲಿ ಹುಡುಗ ಒಬ್ಬನೇ. ‘ಸೇಠ್ ಗಾಂವ್ ಗಯೇ ಹೈ’ ಅಂದ. ಯಾವಾಗ ಬರ್ತಾರೆ ಅಂದ್ರೆ ಮಳೆ ನೋಡ್ತಾ ನಿಂತ. ಈ ಸಲ ಚಹಾ ಬರಲಿಲ್ಲ.

ಯಾರಿಗಾದ್ರೂ ಉಪಯೋಗ ಆಗಲಿ ಅಂತ ಹೇಳ್ತೀನಿ: ಯುಎಸ್‌ಬಿ ಬೇಕಿದ್ರೆ, ಅಥವಾ ಬೂಟ್ ಮಾಡದ ಹೆಚ್ಚುವರಿ ಡಿಸ್ಕಿಗೆ ಸಿಂಬಿಯೋಸ್ 53ಸಿ875 ಚಿಪ್ಪಿನ ಸ್ಕಸಿ (ಹಳೇ ಥರದ ಡಿಸ್ಕ್ ಜೋಡಿಸೋ) ಕಾರ್ಡ್ ಬೇಕಿದ್ರೆ, ಭಂಗಾರ್‌ನ ಪಿಸಿ ಕಾರ್ಡ್ ಧೈರ್ಯವಾಗಿ ಹಾಕಿ. ಸನ್‌ನವರ 1998ರ ಅಲ್ಟ್ರಾ 5, ಅಲ್ಟ್ರಾ 10 ಮೆಷಿನ್‌ಗಳಲ್ಲೂ ಸ್ಲಾಟ್ ಪಿಸಿಐಯೇ. ಆದ್ರೆ ಸ್ಕ್ರೀನಿಗೋ ಬೂಟ್ ಮಾಡೋದಕ್ಕೋ ಅಂದ್ರೆ ಸನ್ ಮೆಷಿನ್ನಿನಲ್ಲೇ ಹಾಕಿ ಶೋ-ಡೆವ್ಸ್ ತೋರಿಸಲಿ, ಆಮೇಲೆ ದುಡ್ಡು. ಅಂಗಡಿಯವರ ಹತ್ರ ಸನ್ ಮೆಷಿನ್ ಇಲ್ಲ ಅಂದ್ರೆ ನಿಮ್ಮದನ್ನೇ ಹೊತ್ತುಕೊಂಡು ಹೋಗಿ, ಲೋಕಲ್‌ನಲ್ಲಿ ಜನ ಬೈದರೂ ಪರವಾಗಿಲ್ಲ. ಮತ್ತೆ ಯಾರಾದ್ರೂ ‘ಊರು ಎಲ್ಲಿ’ ಅಂತ ಕೇಳಿದ್ರೆ ಡೊಂಬಿವಲಿ ಅನ್ನಿ.

ಕಾರ್ಖಾನೆ ಈಗ ಹೇಗೆ ನಡೀತಿದೆ ಅಂತ ಕೇಳಬೇಡಿ. ನನ್ನ ಹಳೇ ಲ್ಯಾಪ್‌ಟಾಪ್ ಅಲ್ಲೇ ಇಟ್ಟು ಎಕ್ಸ್ ವಿಂಡೋ ಮೂಲಕ ನೆಟ್‌ವರ್ಕ್ ಮೇಲೆ ಸನ್ ಮೆಷಿನ್ನಿನ ಪ್ರೋಗ್ರಾಂ ಅದರ ಸ್ಕ್ರೀನಿನಲ್ಲಿ ತೋರಿಸ್ತಿದ್ದೀನಿ, ಬಾಡಿಗೆ ಕೇಳೋ ಮುಖ ನನಗಿಲ್ಲ.

ಇದನ್ನ ಬರೆಯೋಕೆ ಇವತ್ತು ಕೂತದ್ದಕ್ಕೆ ಕಾರಣ ಇದೆ. ನಿನ್ನೆ ಪುಣೆಯ ಗೆಳೆಯರೊಬ್ಬರು ‘ಒಳ್ಳೇ ರೇಟಿಗೆ ಸಿಗ್ತಿದೆ, ತಗೋಳ್ಳಲಾ?’ ಅಂತ ಫೋಟೋ ಕಳಿಸಿದ್ರು. ಅದೇ ಅಂಗಡಿ, ಅದೇ ಬಿಳಿ ಸ್ಟಿಕ್ಕರ್, 375-3126. ದೊಡ್ಡದು ಮಾಡಿ ನೋಡಿದೆ. ಸೀರಿಯಲ್ ನಂಬರ್, ಒಂದಂಕಿ ಹೆಚ್ಚು ಕಡಿಮೆ ಇಲ್ಲದೆ, ನನ್ನ ಡ್ರಾಯರ್‌ನಲ್ಲಿ ಬಿದ್ದಿರೋ ಕಾರ್ಡಿನದ್ದೇ.