ಹೊಸ ಕಾಗದಕ್ಕೆ ಹಳೆಯ ಕಳೆ: ಉಡುಗೊರೆ ಹೊದಿಕೆಯ ಕಿಟ್ ಒಂದರ ವಿಮರ್ಶೆ

ಉಡುಗೊರೆಯ ಹೊದಿಕೆಯು ವರ್ಷಗಟ್ಟಲೆ ಪೆಟ್ಟಿಗೆಯ ತಳದಲ್ಲಿದ್ದು ಈಗಷ್ಟೇ ಹೊರಬಂದಂತೆ ಕಾಣಬೇಕೆಂದು ಬಯಸುವವರಿಗಾಗಿ ತಯಾರಾದ ಈ ಕಿಟ್‌ನಲ್ಲಿ ಕ್ರಾಫ್ಟ್ ಕಾಗದದ (ಪೊಟ್ಟಣ ಕಟ್ಟಲು ಬಳಸುವ ಗಟ್ಟಿ ಕಂದು ಕಾಗದ) ಸುರುಳಿ, ಕಂದು ಬಣ್ಣದ ಇಂಕ್ ಪ್ಯಾಡ್, ಸ್ಪಂಜು, ಉಜ್ಜುವ ಸ್ಯಾಂಡ್ ಪೇಪರ್, ಬಿರುಕು ಮೂಡಿಸುವ ದ್ರಾವಣ, ಸೆಣಬಿನ ದಾರ ಹಾಗೂ ಅರಗಿನ ಕಡ್ಡಿ ಇವೆ. ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವುದು ಕಾಗದ, ಇಂಕ್ ಮತ್ತು ಸ್ಪಂಜು ಮಾತ್ರ.

ಕ್ರಾಫ್ಟ್ ಕಾಗದದ ನಾರು ಗಟ್ಟಿಯಾದುದರಿಂದ ಅದನ್ನು ಮುದ್ದೆ ಮಾಡಿ, ನೀರು ಚಿಮುಕಿಸಿ, ಮತ್ತೆ ಬಿಡಿಸಿ ಒಣಗಿಸಿದರೂ ಸುಲಭವಾಗಿ ಹರಿಯುವುದಿಲ್ಲ. ಸ್ಪಂಜಿಗೆ ತುಸುವೇ ಇಂಕ್ ತಾಗಿಸಿ, ಹೆಚ್ಚಾದುದನ್ನು ರದ್ದಿ ಕಾಗದಕ್ಕೆ ಒರೆಸಿ, ಸುಕ್ಕುಗಳ ಮೇಲೆ ಒತ್ತದೆ ಹಗುರವಾಗಿ ಸವರಿದರೆ ಏಣುಗಳಷ್ಟೇ ಬಣ್ಣ ಹಿಡಿದು, ನಡುವಿನ ತಗ್ಗುಗಳು ತಿಳಿಯಾಗಿಯೇ ಉಳಿಯುತ್ತವೆ. ಡಬ್ಬಿಗೆ ಕಾಗದ ಸುತ್ತಿದ ಮೇಲೆಯೇ ಮೂಲೆಗಳಿಗೂ ಅಂಚುಗಳಿಗೂ ಇನ್ನೊಮ್ಮೆ ಇಂಕ್ ಹಚ್ಚುವುದು ಸರಿಯಾದ ಕ್ರಮ, ಏಕೆಂದರೆ ನಿಜವಾದ ಸವೆತ ಬೀಳುವುದು ಕೈ ತಾಗುವ ಜಾಗದಲ್ಲಿಯೇ ಹೊರತು ಎಲ್ಲೆಡೆ ಒಂದೇ ಸಮನಾಗಿ ಅಲ್ಲ.

ಕೈಪಿಡಿಯ ಉಳಿದ ಸಲಹೆಗಳನ್ನು ಒಪ್ಪುವುದು ಕಷ್ಟ. ಮುದ್ರಿತ ಕಾಗದವನ್ನು ಉಜ್ಜಿದರೆ ಬಣ್ಣದಡಿಯ ಬಿಳುಪು ಇಣುಕಿ ಹಳತರ ಭಾವ ಬರುತ್ತದೆ; ಕ್ರಾಫ್ಟ್ ಕಾಗದ ಒಳಗೂ ಹೊರಗೂ ಒಂದೇ ಬಣ್ಣದ್ದಾದುದರಿಂದ ಉಜ್ಜಿದಾಗ ಬರಿಯ ನವಿರು ಏಳುತ್ತದೆ. ಬಿರುಕಿನ ದ್ರಾವಣವಾದರೂ ಮರದಂಥ ಬಾಗದ ವಸ್ತುವಿಗೆ ಒಪ್ಪುವಂಥದ್ದು. ಅದನ್ನೂ ಬಣ್ಣವನ್ನೂ ಬಳಿದ ಕಾಗದವನ್ನು ಮಡಿಚಿದ ಕೂಡಲೇ ಬಣ್ಣವು ಚಕ್ಕೆಚಕ್ಕೆಯಾಗಿ ಉದುರಿ ಮೇಜನ್ನು ತುಂಬಿತು. ಅಂಚನ್ನು ಮೇಣದ ಬತ್ತಿಯಿಂದ ಸುಡಿರೆಂಬ ಸೂಚನೆಯಂತೂ ಅಪಾಯಕಾರಿ, ಜೊತೆಗೆ ಅಸಹಜ: ಕಾಗದ ಹಳತಾಗುವುದು ಗಾಳಿ ಬೆಳಕಿಗೆ ಹಳದಿಗಟ್ಟಿ, ಕರಕಲಾಗಿ ಅಲ್ಲ. ಆ ಹಳದಿಯೇ ಬೇಕಿದ್ದರೆ ಹೊಳಪಿಲ್ಲದ ಬಿಳಿ ಕಾಗದಕ್ಕೆ ಆರಿದ ಚಹಾ ಡಿಕಾಕ್ಷನ್ ಬಳಿದರೆ ಸಾಕು. ನುಣುಪು ಲೇಪನವಿರುವ ಕಾಗದದಲ್ಲಿ ಅದು ಹೀರಿಕೊಳ್ಳದೆ ಹನಿಗಟ್ಟುತ್ತದೆ.

ಅರಗಿನ ಮುದ್ರೆ ನೋಡಲು ಚೆನ್ನಾಗಿದೆ, ಆದರೆ ಪೆಡಸಾಗಿದೆ. ಕೈಯಾರೆ ಕೊಡುವ ಉಡುಗೊರೆಗೆ ಸರಿ, ಅಂಚೆಯಲ್ಲಿ ಕಳುಹಿಸುವುದಕ್ಕಲ್ಲ. ಇಂಕ್ ಒಣಗಿದ ಮೇಲೂ ಒದ್ದೆ ಕೈಗೆ ಹತ್ತುವುದರಿಂದ ಬಟ್ಟೆಯ ಉಡುಗೊರೆಯಾದರೆ ಒಳಗೊಂದು ಪದರ ಬಿಳಿ ಕಾಗದ ಸುತ್ತಿಡುವುದು ಅಗತ್ಯ. ಈ ಎಚ್ಚರಿಕೆಯನ್ನು ತಯಾರಕರು ಎಲ್ಲಿಯೂ ಮುದ್ರಿಸಿಲ್ಲ.